ಮೇಸ್ತ್ರಿ ಪಕೀರಪ್ಪನ ತಪ್ಪಿಲ್ಲದ ಅರ್ಜಿ

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಯಾರ ಮನೆಯ ಮಗನೋ ಮಗಳೋ ಕಾಲೇಜು ಸೇರಿದರೆ, ಸ್ಕಾಲರ್‌ಶಿಪ್ ಅರ್ಜಿ ಹಾಕುವ ಮುಂಚೆ ಕಾಗದಗಳನ್ನು ಒಮ್ಮೆ ಪಕೀರಪ್ಪನಿಗೆ ತೋರಿಸಿಕೊಂಡು ಹೋಗುವುದು ವಾಡಿಕೆ. ಪಕೀರಪ್ಪನೇನು ಪಂಡಿತನಲ್ಲ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದ್ದ, ಅದೂ ಅವ್ವ ಕುರಿ ಹಿಂದೆ ಅಟ್ಟದೇ ಇದ್ದ ದಿನಗಳಲ್ಲಿ ಮಾತ್ರ. ಹದಿನೇಳನೆಯ ವಯಸ್ಸಿಗೆ ಗಂಗಾವತಿಗೆ ಬಂದು ಭತ್ತದ ಚೀಲಕ್ಕೆ ಬೆನ್ನು ಕೊಟ್ಟವನು ಐವತ್ತೊಂದಾದರೂ ಇಳಿಸಿರಲಿಲ್ಲ. ಈಗ ಗಿರಣಿಯೊಂದರಲ್ಲಿ ಹಮಾಲರ ತಂಡಕ್ಕೆ ಮೇಸ್ತ್ರಿ. ತಂಡವೆಂದರೆ ಅವನೂ ಸೇರಿ ಹದಿನೆಂಟು ಮಂದಿ. ಆದರೆ ಅರ್ಜಿಯ ವಿಷಯ ಬಂತೆಂದರೆ ಡಿಗ್ರಿ ಆದವರೂ ಅವನ ಕಟ್ಟೆಯ ಮುಂದೆ ತೆಪ್ಪಗೆ ಕೂರಬೇಕಾಗುತ್ತಿತ್ತು.

"ಬ್ಯಾಂಕಿನ ಖಾತೆ ಜೀವಂತ ಐತೇನು?" ಎಂಬುದು ಅವನ ಮೊದಲ ಪ್ರಶ್ನೆ. "ಆಧಾರ್ ಯಾವ ಖಾತೆಗೆ ಜೋಡಾಗೈತಿ? ಬ್ಯಾಂಕಿನವ್ರ ಬಾಯಿಲೆ ಕೇಳೀರೋ, ನೀವ ಅನ್ಕೊಂಡೀರೋ?"

ಆಮೇಲೆ ಒಂದೊಂದಾಗಿ ಬರುತ್ತಿದ್ದವು. ಆದಾಯ ಪತ್ರದ ಅವಧಿ ಎಂದಿಗೆ ಮುಗಿಯುತ್ತದೆ, ಅದರ ನಂಬರನ್ನು ಕಣ್ಣಲ್ಲಿ ನೋಡಿ ಹೊಡೆದರೋ ಕೇಳಿ ಹೊಡೆದರೋ, ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಹಾಕುತ್ತೀರೋ ಇಲ್ಲವೋ. ಅಂಗಡಿಯವನ ಮೊಬೈಲ್ ನಂಬರು ಕೊಟ್ಟಿದ್ದೇವೆ ಎಂದು ಯಾರಾದರೂ ಬಾಯಿಬಿಟ್ಟರೆ ಅಲ್ಲಿಗೆ ಮುಗಿಯಿತು. "ಓಟಿಪಿ ಅವನಿಗೆ ಬರತೈತಿ. ಅವ ಯಾರದೋ ಮದುವಿಗೆ ಹೋಗಿರತಾನ. ನೀವು ಅವನ ಅಂಗಡಿ ಕದದ ಮುಂದ ಕುಂತು ಅಳ್ರಿ," ಎಂದು ಬೈದು, ಚಹಾ ಕುಡಿಸಿ ಕಳಿಸುತ್ತಿದ್ದ.

ಈ ವಿದ್ಯೆ ಪುಕ್ಕಟೆ ಬಂದದ್ದಲ್ಲ, ಹಿರಿಯ ಮಗ ಗಾಳೇಶನನ್ನು ಕೊಟ್ಟು ತಂದುಕೊಂಡದ್ದು. ಗಾಳೇಶ ಕುಷ್ಟಗಿಯಲ್ಲಿ ಐಟಿಐ ಓದುವಾಗ ಅರ್ಜಿಯಲ್ಲಿ ಬರೆದದ್ದು ಒಂದು ಖಾತೆ. ಆಧಾರ್ ಜೋಡಣೆಯಾಗಿದ್ದದ್ದು ಸಾಲೆಯಲ್ಲಿದ್ದಾಗ ತೆಗೆಸಿ ಮರೆತ ಇನ್ನೊಂದು ಖಾತೆಗೆ. ಆ ಖಾತೆ ಯಾವಾಗಲೋ ಬಂದ್ ಆಗಿತ್ತು. ಮಂಜೂರಾದ ಹಣ ಅಲ್ಲಿಯವರೆಗೆ ಹೋಗಿ, ಒಳಗೆ ಬಿಡುವವರಿಲ್ಲದೆ ಬಂದ ದಾರಿಯಲ್ಲೇ ವಾಪಸು ಹೋಯಿತು. ಅಪ್ಪ ಮಗ ಇಬ್ಬರೂ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾದರು. ತಪ್ಪೆಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಗಾಳೇಶ ಭತ್ತ ಕೊಯ್ಯುವ ಮಷಿನ್ನಿನ ಮೇಲೆ ಹೆಲ್ಪರಾಗಿ ಹತ್ತಿ ಸೀಮೆ ದಾಟಿದ್ದ. ಈಗಲೂ ಅದರ ಮೇಲೆಯೇ ಇದ್ದಾನೆ.

ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಪಕೀರಪ್ಪ ನೀರನ್ನೂ ಊದತೊಡಗಿದ. ಮಗಳು ದೀಪಿಕಾಳಿಗೆ ಕೊಪ್ಪಳದ ಖಾಸಗಿ ನರ್ಸಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಾಗ, ಅವಳ ಅರ್ಜಿಯನ್ನು ಹಾಕಲಿಕ್ಕೆ ಅವನು ತೆಗೆದುಕೊಂಡ ಮುತುವರ್ಜಿಯಲ್ಲಿ ಒಂದು ಮದುವೆ ಮಾಡಬಹುದಿತ್ತು. ಬ್ಯಾಂಕಿಗೆ ಮೂರು ಸಲ ಹೋದ. ಅದೇ ಓಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಿರುಮಲೇಶ ಟೈಪು ಮಾಡುವಾಗ ಬೆನ್ನ ಹಿಂದೆ ನಿಂತು, ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿಸಿದ. ತಿರುಮಲೇಶನಿಗೆ ಸಾಕುಸಾಕಾಗಿ, "ಮಾಮಾ, ಇನ್ನೊಮ್ಮೆ ಓದಿಸಿದ್ರ ನಾ ಅಂಗಡಿ ನಿನಗ ಬರದು ಕೊಟ್ಟು ಹೋಗತೀನಿ," ಎಂದಿದ್ದ. ಮೊದಲ ವರ್ಷದ ಹಣ ತಪ್ಪದೇ ಬಂತು. ಕಾಲೇಜಿನ ಫೀಸು, ಹಾಸ್ಟೆಲ್ಲು ಎರಡೂ ಅದರಲ್ಲೇ ತೀರಿದವು. ಪಕೀರಪ್ಪನ ದುಡಿಮೆಯಲ್ಲಿ ಅವು ತೀರುವ ಮಾತೇ ಇರಲಿಲ್ಲ. ವರ್ಷವಿಡೀ ಮನೆಯವರೆಲ್ಲ ಉಪವಾಸ ಬಿದ್ದಿದ್ದರೆ ತೀರುತ್ತಿದ್ದವೇನೋ. ದೀಪಿಕಾ ಓದಬೇಕೆಂದರೆ ಸ್ಕಾಲರ್‌ಶಿಪ್ ಬರಲೇಬೇಕು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು.

ಎರಡನೇ ವರ್ಷದ ಅರ್ಜಿಯನ್ನೂ ಅಷ್ಟೇ ಊದಿ ಊದಿ ಹಾಕಿದರು. ದೀಪಿಕಾ ಅಪ್ಪನ ಶಿಷ್ಯೆಯೇ ಆಗಿದ್ದಳು. ತನ್ನದನ್ನು ಹಾಕಿದ ಮೇಲೆ ತಂಡದ ಕಲ್ಲೇಶನ ಮಗಳು ಸುರೇಖಾಳ ಅರ್ಜಿಯನ್ನೂ ಅವಳೇ ತುಂಬಿಕೊಟ್ಟಳು. ಒಂದು ಮಧ್ಯಾಹ್ನ ಗಿರಣಿಯ ಹೊರಗೆ ಪಕೀರಪ್ಪ ಚಹಾ ಕುಡಿಯುತ್ತಿದ್ದಾಗ ಕೊಪ್ಪಳದಿಂದ ಅವಳ ಫೋನು ಬಂತು.

"ಅಪ್ಪಾ, ನನ್ನ ಅರ್ಜಿ ರಿಜೆಕ್ಟ್ ಆಗೈತಿ."

"ಯಾವದು ತಪ್ಪಾತು?"

"ತಪ್ಪು ಯಾವದೂ ಆಗಿಲ್ಲ. ನಮ್ಮ ಆದಾಯ ಭಾಳ ಐತಂತ."

ಪಕೀರಪ್ಪನಿಗೆ ನಗು ಬಂತು. ಪಕ್ಕದಲ್ಲಿದ್ದ ಕಲ್ಲೇಶನಿಗೂ ಹೇಳಿದ. ಅವನೂ ನಕ್ಕು, "ಹಂಗಾದ್ರ ಇವತ್ತಿನ ಚಹಾ ಮೇಸ್ತ್ರೀದ," ಎಂದ.

ಮರುದಿನ ಕೆಲಸ ಬಿಟ್ಟು ಕೊಪ್ಪಳದ ಸ್ಕಾಲರ್‌ಶಿಪ್ ಕಚೇರಿಗೆ ಹೋದ. ದೀಪಿಕಾ ಬಾಗಿಲಲ್ಲೇ ಕಾದಿದ್ದಳು. ಒಳಗೆ ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಒಳ್ಳೆಯವಳು. ಹತ್ತು ಕೆಲಸದ ನಡುವೆಯೂ ಅವನನ್ನು ಕೂರಿಸಿ, ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದಳು.

"ಪಕೀರಪ್ಪ ಅಂದ್ರ ನೀವ ಹೌದಲ್ರಿ? ಹೋದ ವರ್ಷ ನಿಮ್ಮ ಹೆಸರಿಗೆ ಇಪ್ಪತ್ತೆಂಟು ಲಕ್ಷ ಬಂದೈತಿ. ನೀವ ಇನ್ಕಮ್ ಟ್ಯಾಕ್ಸ್ ರಿಟರ್ನ್ ತುಂಬೀರಿ. ಇಷ್ಟು ಆದಾಯ ಇದ್ದವ್ರಿಗೆ ಸ್ಕಾಲರ್‌ಶಿಪ್ ಹೆಂಗ ಬರತೈತ್ರಿ?"

ಪಕೀರಪ್ಪನ ನಗು ಎಲ್ಲಿ ಹೋಯಿತೋ. "ಹೆಸರು ನಂದ್ರಿ ಮೇಡಂ," ಎಂದ. "ರೊಕ್ಕ ನಂದಲ್ರಿ."

"ಕಂಪ್ಯೂಟರಿಗೆ ಹೆಸರಷ್ಟ ಕಾಣತೈತಿ," ಎಂದಳು ಅವಳು.

ಇದೇನೆಂದು ತಿಳಿಯಬೇಕಾದರೆ ಹಮಾಲರ ರಿವಾಜು ಗೊತ್ತಿರಬೇಕು. ಗಿರಣಿಯಲ್ಲಿ ಯಾರು ಎಷ್ಟು ಚೀಲ ಹೊತ್ತರೆಂದು ಯಾರೂ ಎಣಿಸುವುದಿಲ್ಲ. ಚೀಲಗಳೆಲ್ಲ ತಂಡದವು, ಪಗಾರವೂ ತಂಡದ್ದು. ಶನಿವಾರ ಗಿರಣಿಯವರು ಒಟ್ಟು ಹಣ ಮೇಸ್ತ್ರಿಗೆ ಕೊಡುತ್ತಾರೆ, ಮೇಸ್ತ್ರಿ ಬಟವಾಡೆ ಮಾಡುತ್ತಾನೆ. ಜ್ವರ ಬಂದು ಮಲಗಿದವನಿಗೆ ಅರ್ಧ ಪಾಲು. ಬೆನ್ನು ಮುರಿದುಕೊಂಡವನಿಗೆ ಏಳುವ ತನಕ ಅರ್ಧ ಪಾಲು. ಹಿಂದಿನ ಮೇಸ್ತ್ರಿ ನೂರಸಾಬನಿಗೆ ಕಣ್ಣು ಮಂಜಾದಾಗ ಅವನೇ ಪಕೀರಪ್ಪನನ್ನು ಮುಂದೆ ಮಾಡಿದ್ದ. "ಇವನ ಕೈಯಾಗ ಒಂದ ರೂಪಾಯಿ ಹೆಚ್ಚಾಗಂಗಿಲ್ಲ, ಕಮ್ಮಿ ಆಗಂಗಿಲ್ಲ," ಎಂದು ಎಲ್ಲರೆದುರು ಹೇಳಿದ್ದ. ಹನ್ನೊಂದು ವರ್ಷ ಆ ಮಾತಿಗೆ ಕುಂದು ಬಂದಿರಲಿಲ್ಲ, ಪಕೀರಪ್ಪನಿಗೆ ತನ್ನ ಬದುಕಿನಲ್ಲಿ ಹೆಮ್ಮೆಪಡಲಿಕ್ಕೆ ಇದ್ದದ್ದು ಅದೊಂದೇ.

ಎರಡು ವರ್ಷದ ಹಿಂದೆ ಗಿರಣಿಯ ಗುಮಾಸ್ತ ಯಂಕೋಬ, ಇನ್ನು ಮೇಲೆ ಕೈಗೆ ರೊಕ್ಕ ಕೊಡುವಂತಿಲ್ಲ, ಖಾತೆಗೇ ಹಾಕಬೇಕು ಎಂದ. ತಂಡದವರು ಮೇಸ್ತ್ರಿಯ ಖಾತೆಗೆ ಹಾಕಿ ಎಂದರು. ಅದಕ್ಕಾಗಿ ಬೇರೆ ಬ್ಯಾಂಕಿನಲ್ಲಿ ಅವನ ಹೆಸರಿಗೆ ಹೊಸ ಖಾತೆ ತೆಗೆಸಿದರು. ನೂರಕ್ಕೊಂದು ರೂಪಾಯಿ ತೆರಿಗೆ ಹಿಡಿದುಕೊಂಡಾಗ ತಂಡದಲ್ಲಿ ಗುಜುಗುಜು ಎದ್ದಿತು. ರಿಟರ್ನ್ ತುಂಬಿದರೆ ಅದು ವಾಪಸು ಬರುತ್ತದೆ ಎಂದು ಯಂಕೋಬನೇ ದಾರಿ ತೋರಿಸಿ, ಗಿರಣಿಯ ಲೆಕ್ಕ ಬರೆಯುವವರ ಕಡೆಯಿಂದ ತುಂಬಿಸಿದ. ಪಕೀರಪ್ಪ ಓಟಿಪಿ ಹೇಳಿದ. ಹಣ ವಾಪಸು ಬಂತು. ಅದನ್ನೂ ಹದಿನೆಂಟು ಪಾಲು ಮಾಡಿ ಹಂಚಿ, ಉಳಿದ ಚಿಲ್ಲರೆಯಲ್ಲಿ ಎಲ್ಲರೂ ಮಿರ್ಚಿ ತಿಂದರು. ಅರ್ಜಿಯ ಒಂದೊಂದು ಅಂಕಿಗೂ ಕಾವಲು ಕೂತ ಮನುಷ್ಯನಿಗೆ, ಅರ್ಜಿಯ ಹೊರಗೆ ನಡೆಯುವುದಕ್ಕೂ ಕಾವಲು ಬೇಕೆಂದು ಯಾರು ಹೇಳಬೇಕಿತ್ತು? ಹೇಳುವವರೆಲ್ಲ ಅವನ ಹತ್ತಿರವೇ ಕೇಳಲಿಕ್ಕೆ ಬರುತ್ತಿದ್ದರು.

ಕಚೇರಿಯ ಹೆಣ್ಣುಮಗಳು ಎಲ್ಲವನ್ನೂ ಕೇಳಿಸಿಕೊಂಡು ಎರಡು ದಾರಿ ಹೇಳಿದಳು. ಒಂದು, ಉಳಿದ ಹದಿನೇಳು ಮಂದಿಯೂ ತಮಗೆ ಇಷ್ಟಿಷ್ಟು ಹಣ ಮುಟ್ಟಿದೆ ಎಂದು ಬಾಂಡ್ ಪೇಪರಿನಲ್ಲಿ ಬರೆದುಕೊಡಬೇಕು. ಅದರ ಮೇಲೆ ರಿಟರ್ನ್ ತಿದ್ದಿಸಿ, ಹೊಸ ಆದಾಯ ಪತ್ರ ತರಬೇಕು. "ನಿಮ್ಮ ಪಾಲಿಂದು ಒಂದೂವರೆ ಲಕ್ಷ ಅಂತ ತೋರಿಸಿದ್ರೂ ಸ್ಕಾಲರ್‌ಶಿಪ್ಪಿಗೆ ಅಡ್ಡಿ ಇಲ್ರಿ. ಆದ್ರ ಈ ತಿಂಗಳದಾಗ ಆಗಬೇಕು." ಇನ್ನೊಂದು ದಾರಿ, ಈ ವರ್ಷ ಹೋಯಿತೆಂದು ಬಿಡುವುದು. ತಂಡದ ಪಗಾರವನ್ನು ಬೇರೆಯವರ ಹೆಸರಿಗೆ ಬದಲಾಯಿಸಿ, ಮುಂದೆ ಹೊಸದಾಗಿ ಅರ್ಜಿ ಹಾಕುವುದು. ಕಾಲೇಜಿನವರನ್ನು ಕೇಳಿದರೆ, ಒಂದು ವರ್ಷ ಸೀಟು ಹಿಡಿದಿಡುತ್ತೇವೆ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದರು. ಬರುವಾಗ ಬಸ್ಸಿನಲ್ಲಿ ದೀಪಿಕಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಪಕೀರಪ್ಪನಿಗೆ ಅವಳ ಮುಖ ನೋಡಲು ಧೈರ್ಯ ಸಾಲಲಿಲ್ಲ. ಹುಡುಗಿಯ ಓದಿಗೆ ಅಡ್ಡ ಬಂದದ್ದು ಬಡತನವಾಗಿದ್ದರೆ ಹಣೆಬರಹ ಎನ್ನಬಹುದಿತ್ತು. ತನ್ನದೇ ಹೆಸರು ಅಡ್ಡ ಬಂದದ್ದಕ್ಕೆ ಅವನಿಗೆ ನಾಚಿಕೆಯಾಗುತ್ತಿತ್ತು.

ಮನೆಯಲ್ಲಿ ಹೆಂಡತಿ ಮುದಕಮ್ಮ ಎಲ್ಲ ಕೇಳಿ, "ಊರಿಗೆ ಉಪಕಾರಿ, ಮನಿಗೆ ಮಾರಿ," ಎಂದಳು. ರಿಟರ್ನ್ ತುಂಬಿದ್ದಕ್ಕೆ ರೇಷನ್ ಕಾರ್ಡೂ ರದ್ದಾಗಿದೆಯೆಂದು ಅವಳಿಗೆ ಆವತ್ತೇ ತಿಳಿದದ್ದು. ಎರಡು ತಿಂಗಳಿಂದ ಅವಳು ಅಕ್ಕಿಯ ಊರಿನಲ್ಲಿ ಅಂಗಡಿಯ ಅಕ್ಕಿ ಕೊಂಡು ಉಣಿಸುತ್ತಿದ್ದಳು, ರೇಷನ್ನಿನ ಮಷಿನ್ನಿನಲ್ಲಿ ಬೆರಳು ಹೊಂದುತ್ತಿಲ್ಲ ಎಂದುಕೊಂಡು.

ತಂಡದವರು ಮೊದಲ ದಾರಿಗೆ ಹಿಂದುಮುಂದು ನೋಡಲಿಲ್ಲ. "ಎಲ್ಲಿ ಅಂತಿ ಅಲ್ಲಿ ಸಹಿ ಮಾಡತೀವಿ ನಡಿ ಅಣ್ಣಾ," ಎಂದು ಕಲ್ಲೇಶನೇ ಎಲ್ಲರನ್ನೂ ತಿರುಮಲೇಶನ ಅಂಗಡಿಗೆ ಎಳೆದುಕೊಂಡು ಬಂದ. ಹದಿನೇಳು ಬಾಂಡ್ ಪೇಪರು ತಂದದ್ದಾಯಿತು. ತಿರುಮಲೇಶ ಟೈಪು ಮಾಡಲು ಕೂತವನು ಕೈ ತಡೆದ.

"ಕಲ್ಲೇಶಣ್ಣಾ, ನಿನ್ನ ಆದಾಯ ಪತ್ರದಾಗ ಎಷ್ಟು ಬರಸೀದಿ?"

"ನಲವತ್ತು ಸಾವಿರ. ಎಲ್ಲಾರೂ ಅಷ್ಟ ಬರಸ್ಯಾರ."

"ಇದರಾಗ ಒಂದೂವರೆ ಲಕ್ಷ ಮುಟ್ಟೈತಿ ಅಂತ ಸಹಿ ಮಾಡತಿ. ಅದು ಸುಳ್ಳೋ, ಇದು ಸುಳ್ಳೋ ಅಂತ ನಾಳೆ ಕೇಳತಾರ. ನಿನ್ನ ಆದಾಯ ಪತ್ರ ರದ್ದಾಗತೈತಿ. ರೇಷನ್ ಕಾರ್ಡಿಗೆ ಅಷ್ಟು ಆದಾಯ ನಡಿಯಂಗಿಲ್ಲ, ಅದೂ ಹೋಗತೈತಿ. ಸುರೇಖಾನ ಅರ್ಜಿಗೆ ಹಚ್ಚಿದ್ದು ಅದ ಪತ್ರ. ನೋಡು, ನಾ ಹೇಳೋದು ಹೇಳೀನಿ."

ಕಲ್ಲೇಶ ಪೆನ್ನನ್ನು ಕೆಳಗಿಡಲಿಲ್ಲ, ಹಿಡಿದುಕೊಂಡೇ ನಿಂತಿದ್ದ. ಇನ್ನೊಮ್ಮೆ ಕೇಳಿದ್ದರೆ ಅವನು ಸಹಿ ಮಾಡುತ್ತಿದ್ದ, ಅದು ಪಕೀರಪ್ಪನಿಗೆ ಗೊತ್ತಿತ್ತು. ಸುರೇಖಾ ಪಿಯುಸಿ ಪಾಸಾದ ದಿನ ಪೇಡೆ ಹಿಡಿದು ಮೊದಲು ಬಂದದ್ದು ತನ್ನ ಮನೆಗೆ ಎಂಬುದೂ ಗೊತ್ತಿತ್ತು. ತನ್ನ ಮಗಳಿಗಾಗಿ ಹದಿನೇಳು ಮನೆಯ ಒಲೆಗೆ ನೀರು ಹೊಯ್ಯುವುದು ಹೇಗೆ? ಅವನೇ ಕಲ್ಲೇಶನ ಕೈಯಿಂದ ಪೆನ್ನು ತೆಗೆದುಕೊಂಡು, ಬಾಂಡ್ ಪೇಪರುಗಳನ್ನು ಮಡಿಸಿದ. "ಇದು ಬ್ಯಾಡ," ಎಂದ. "ಇನ್ನೊಂದು ದಾರಿ ಐತಿ." ತಂಡದವರು ತಲೆ ತಗ್ಗಿಸಿಕೊಂಡು ಹೊರಗೆ ಹೋದರು.

ದೀಪಿಕಾ ಹಾಸ್ಟೆಲ್ಲಿನಿಂದ ಪೆಟ್ಟಿಗೆ ತಂದುಕೊಂಡಳು. "ಒಂದ ವರ್ಷ ಅಲ್ಲಪ್ಪಾ, ಕಣ್ಣು ಮುಚ್ಚಿ ತೆಗಿಯೋದ್ರಾಗ ಹೋಗತೈತಿ," ಎಂದು ತಾನೇ ಅಪ್ಪನಿಗೆ ಸಮಾಧಾನ ಹೇಳಿದಳು. ಪುಸ್ತಕಗಳನ್ನು ಗೂಡಿನಲ್ಲಿ ಜೋಡಿಸಿಟ್ಟು, ಓಣಿಯ ಮುದುಕಿಯರಿಗೆ ಬಿಪಿ ನೋಡುತ್ತೇನೆಂದು ಗೆಳತಿಯ ಯಂತ್ರ ಇಸಿದುಕೊಂಡು ಬಂದಿದ್ದಳು. ಅವಳ ಉಮೇದು ನೋಡಿ ಪಕೀರಪ್ಪ ತಡಮಾಡದೆ ತಂಡದ ಪಗಾರವನ್ನು ತನ್ನ ಹೆಸರಿನಿಂದ ತೆಗೆಸಲು ಓಡಾಡತೊಡಗಿದ.

ಮೊದಲು ಅವನು ಯಂಕೋಬನನ್ನು ಕೇಳಿದ, ಹದಿನೆಂಟು ಮಂದಿಗೂ ಬೇರೆ ಬೇರೆ ಹಾಕಲಿಕ್ಕೆ ಬರುವುದಿಲ್ಲವೇ ಎಂದು.

ಯಂಕೋಬ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹದಿನೆಂಟು ಹೆಸರು ಬರದ್ರ ಹದಿನೆಂಟು ಮಂದೀನೂ ನಮ್ಮ ಕೆಲಸಗಾರರು ಅಂತಾಗತೈತ್ಯೋ ಪಕೀರಪ್ಪ. ಆಮ್ಯಾಲೆ ಪಿಎಫ್ ಅಂತಾರ, ದವಾಖಾನಿ ಅಂತಾರ. ಸಾಹುಕಾರ್ರು ಸತ್ರೂ ಒಪ್ಪಂಗಿಲ್ಲ. ಒಂದ ಹೆಸರು ಕೊಡ್ರಿ. ಯಾರದ ಕೊಟ್ರೂ ನಮಗ ನಡಿತೈತಿ."

ಹಾಗಾಗಿ ಶನಿವಾರ ಬಟವಾಡೆಯ ಹೊತ್ತಿಗೆ, ಗಿರಣಿಯ ತೌಡಿನ ಕೋಣೆಯ ನೆರಳಿನಲ್ಲಿ ಎಲ್ಲರೂ ಕೂತಾಗ, ಪಕೀರಪ್ಪ ಬ್ಯಾಂಕಿನಿಂದ ಬಿಡಿಸಿ ತಂದ ಹಣದ ಚೀಲ ಬಿಚ್ಚದೆ ಮಡಿಲಲ್ಲೇ ಇಟ್ಟುಕೊಂಡ. ಇಷ್ಟು ವರ್ಷಗಳಲ್ಲಿ ಈ ಮಂದಿಯ ಹತ್ತಿರ ಅವನು ತನಗಾಗಿ ಏನನ್ನೂ ಕೇಳಿರಲಿಲ್ಲ. ಕೇಳುವುದು ಹೇಗೆಂದೇ ಅವನಿಗೆ ತಿಳಿಯಲಿಲ್ಲ.

"ನಾ ಎರಡು ವರ್ಷ ಖಾತೆ ಹಿಡದೆ," ಎಂದ. "ಇನ್ನ ಯಾರಾರ ತಮ್ಮ ಹೆಸರಿಗೆ ಖಾತೆ ಹಿಡೀರಿ. ಬಟವಾಡಿ ನಾನ ಮಾಡಿ ಕೊಡತೀನಿ. ಖಾತೆ ಅಷ್ಟ ಹಿಡೀರಿ. ನನ್ನ ಮಗಳು ಓದತಾಳ."

ಮೇಸ್ತ್ರಿಕೆ ಬಿಟ್ಟರೂ ತಂಡದಲ್ಲೇ ಉಳಿದಿದ್ದ ನೂರಸಾಬ ಕೆಮ್ಮಿದ. ಅವನಿಗೆ ಬರುವ ಸರ್ಕಾರಿ ಪಿಂಚಣಿಯೊಂದೇ ಅವನ ಹೆಂಡತಿಯ ಗುಳಿಗೆಗೆ ಆಧಾರ. ಇಪ್ಪತ್ತೆಂಟು ಲಕ್ಷದ ಒಡೆಯನಿಗೆ ಪಿಂಚಣಿ ಯಾರು ಕೊಡುತ್ತಾರೆ? ಪಕೀರಪ್ಪ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ. ಎಲ್ಲ ಮುಖದ ಹಿಂದೆಯೂ ಒಂದು ಕಾರ್ಡು, ಒಂದು ಸಾಲೆ, ಒಂದು ಆಸ್ಪತ್ರೆ ಅವನಿಗೆ ಗೊತ್ತಿತ್ತು. ಅರ್ಧಕ್ಕರ್ಧ ಅರ್ಜಿಗಳನ್ನು ಅವನೇ ತಿದ್ದಿಕೊಟ್ಟದ್ದು.

ಕೊನೆಗೆ ಗ್ಯಾನಪ್ಪ ಎದ್ದ. ತಂಡದಲ್ಲಿ ಹೆಂಡಿರು ಮಕ್ಕಳಿಲ್ಲದವನು ಅವನೊಬ್ಬನೇ. "ನನ್ನ ಹೆಸರಿಗೆ ಹಾಕಸ್ರಿ," ಎಂದ. "ನಂದೇನು ಹೋಗೋದೈತಿ."

ಪಕೀರಪ್ಪನ ಎದೆ ಒಂದು ಕ್ಷಣ ಹಗುರಾಯಿತು. ಆದರೆ ಗ್ಯಾನಪ್ಪ ಮಾತಾಡುತ್ತಿದ್ದಂತೆ ಬಾಯಿಂದ ಬೆಳಿಗ್ಗೆ ಕುಡಿದದ್ದರ ವಾಸನೆ ಬಂತು. ಹೋದ ದೀಪಾವಳಿಯಲ್ಲಿ ತನ್ನ ಸ್ವಂತ ಅಕ್ಕನ ಬೋರಮಾಳ ಸರವನ್ನು ಕುಡಿದು ಮುಗಿಸಿದವನು. ಹದಿನೆಂಟು ಮನೆಯ ವಾರದ ಅನ್ನ ಅವನ ಖಾತೆಯಲ್ಲಿ ಶನಿವಾರದ ತನಕ ಉಳಿದೀತೇ? ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ಪಕೀರಪ್ಪನನ್ನೇ ನೋಡುತ್ತಿದ್ದರು. ಅವನು ಹೂಂ ಅಂದಿದ್ದರೆ ಅವತ್ತೇ ಆಗಿಹೋಗುತ್ತಿತ್ತು. ಹೂಂ ಅನ್ನಬೇಕೆಂದು ಬಾಯಿಯನ್ನೂ ತೆರೆದ.

"ನಿನಗ ಬ್ಯಾಡೋ ಗ್ಯಾನಪ್ಪ. ಕೂಡ್ರು," ಎಂದ.

ಆಮೇಲೆ ಕಲ್ಲೇಶ ಹತ್ತಿರ ಸರಿದು ಕೂತ. ಅವನ ಕಣ್ಣು ತುಂಬಿತ್ತು. "ಅಣ್ಣಾ, ಸಿಟ್ಟಾಗಬ್ಯಾಡ, ಒಂದ ಮಾತು ಹೇಳತೀನಿ. ನಿಂದಂತೂ ಹೆಸರು ಕೆಟ್ಟು ಕುಂತೈತಿ. ಕಾರ್ಡೂ ಹೋಗೈತಿ. ಇನ್ನೊಬ್ಬರದು ಯಾಕ ಕೆಡಸಬೇಕು? ನಿನ್ನ ಹೆಸರಿನ್ಯಾಗ ಇರಲಿ ಬಿಡು."

ಆ ಮಾತಿಗೆ ಪಕೀರಪ್ಪನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಾತಿನಲ್ಲಿ ಎಲ್ಲಾದರೂ ತಪ್ಪಿದೆಯೇ ಎಂದು ಹಿಂದೆಮುಂದೆ ತಿರುವಿ ನೋಡಿದ, ಸಿಗಲಿಲ್ಲ. ಬೇರೆ ಯಾರದೋ ಮಗಳಾಗಿದ್ದರೆ ತಾನೂ ಇದನ್ನೇ ಹೇಳುತ್ತಿದ್ದೆ ಅನ್ನಿಸಿತು. ಹೊಟ್ಟೆಗಿಲ್ಲದವರ ನಡುವೆ ನಂಬಿಕಸ್ಥನಾಗಿ ಹುಟ್ಟಬಾರದು ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮತ್ತೆ ಅವನಿಗೇ ಕೆಟ್ಟದೆನಿಸಿತು. ಚೀಲ ಬಿಚ್ಚಿ, "ಬರ್ರಿ," ಎಂದ. ನೂರಸಾಬನಿಂದ ಶುರು ಮಾಡಿ ಒಬ್ಬೊಬ್ಬರಿಗೂ ಪಾಲು ಕೊಟ್ಟ. ಎರಡು ದಿನ ಬಂದಿರದ ಗ್ಯಾನಪ್ಪನಿಗೂ ಆ ದಿನಗಳ ಅರ್ಧ ಪಾಲು ತಪ್ಪಲಿಲ್ಲ.

ಮನೆಗೆ ಬಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ದೀಪಿಕಾ ಕಟ್ಟೆಯ ಮೇಲೆ ಪಕ್ಕದ ಮನೆಯ ಮುದುಕಿಯ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದಳು. ಅಪ್ಪನನ್ನು ಕಂಡು ಅದನ್ನು ಅಲ್ಲೇ ಬಿಟ್ಟು ಎದ್ದು, ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ಕಾಲು ತೊಳೆದ. ತೊಳೆದ ಕಾಲನ್ನೇ ಮತ್ತೊಮ್ಮೆ ತೊಳೆದ.

"ಖಾತೆ ಹಿಡಿಯಾಕ ಯಾರು ಒಪ್ಪಿದ್ರಪ್ಪಾ?" ಎಂದು ಕೇಳಿದಳು.

ಪಕೀರಪ್ಪ ತಂಬಿಗೆಯನ್ನು ಕೆಳಗಿಟ್ಟ.

"ನಾನ ಒಪ್ಪಿದ್ನೆವ್ವಾ," ಎಂದ.

ದೀಪಿಕಾ ಬಿಪಿ ನೋಡಿ ಮುಗಿಸಿ, ಮುದುಕಿಯ ತೋಳಿನ ಪಟ್ಟಿ ಬಿಚ್ಚಿ, "ಛಲೋ ಐತಿ ಅಮ್ಮಾ, ಉಪ್ಪು ಕಮ್ಮಿ ಮಾಡ್ರಿ," ಎಂದು ಹೇಳಿ ಕಳಿಸಿದಳು. ಆಮೇಲೆ ಫೋನು ತೆಗೆದುಕೊಂಡು ಅಂಗಳಕ್ಕೆ ಹೋದಳು. ಕೊಪ್ಪಳದ ಕಾಲೇಜಿಗೆ ಮಾಡಿದ್ದಳು. ನಿಧಾನಕ್ಕೆ ಹೇಳುತ್ತಿದ್ದದ್ದು ಒಳಗಿದ್ದ ಪಕೀರಪ್ಪನಿಗೆ ಕೇಳಿಸಿತು.

"ಮೇಡಂ, ನಾ ದೀಪಿಕಾ ಮಾತಾಡೋದ್ರಿ. ನನ್ನ ಸೀಟು ಹಿಡಿದಿಡಬ್ಯಾಡ್ರಿ. ಯಾರಿಗಾದ್ರೂ ಕೊಟ್ಟುಬಿಡ್ರಿ."